ಮನೆಯ ಗಣಿತ: ಒಂದು ಪ್ರಶ್ನೆಗೆ ಎರಡು ಉತ್ತರ

ಲಿಂಗಸುಗೂರಿನಲ್ಲಿ ಗಣಕಯಂತ್ರದ ಪಾಠವನ್ನು ಕಲಿಯುತ್ತಿರುವ ಹುಡುಗನೊಬ್ಬನು ರಜೆಯಲ್ಲಿ ಸಿಂಧನೂರಿನ ಮನೆಗೆ ಬಂದಿರುವನೆಂದು ವಾಚಕರು ಭಾವಿಸಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವು ಅಂಗಳಕ್ಕೆ ಬಂದಿದೆ. ತೂಕವು 1730 ಕಿಲೋ. ಆ ಸೀಮೆಯ ರೂಢಿಯಲ್ಲಿ ಭತ್ತದ ಚೀಲವೆಂದರೆ 75 ಕಿಲೋ. “ಎಷ್ಟು ಚೀಲ ಆತಪ್ಪಾ? ಉಳಿದದ್ದೆಷ್ಟು?” ಎಂದು ತಂದೆಯವರು ಕೇಳುವರು. ಭಾಗಾಕಾರವು ಒಂದೇ; ಉತ್ತರಗಳು ಎರಡು.

ಯಂತ್ರಕ್ಕೆ ಹೆಸರಿಟ್ಟು ಕಲಿಸಿಕೊಟ್ಟ ಒಂದು ಕೆಲಸಕ್ಕೆ ಫಂಕ್ಷನ್ ಎನ್ನುವರು. ಪೈಥಾನ್ ಭಾಷೆಯಲ್ಲಿ ಡಿವ್‌ಮಾಡ್ ಎಂಬ ಫಂಕ್ಷನ್ ಸಿದ್ಧವಾಗಿಯೇ ಇದೆ. ಅದಕ್ಕೆ 1730, 75 ಎಂಬ ಅಂಕಿಗಳನ್ನು ಒಪ್ಪಿಸಿದರೆ ಭಾಗಲಬ್ಧವಾದ 23ನ್ನೂ ಶೇಷವಾದ 5ನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಹಿಂದಕ್ಕೆ ಕೊಡುತ್ತದೆ. ಈ ಗಂಟಿಗೆ ಟಪಲ್ ಎಂದು ಹೆಸರು.

ಹೊಸಬರು ಎಡವುವುದು ಇಲ್ಲಿಯೇ. ಗಂಟನ್ನು ಬಿಚ್ಚದೆ ‘ಚೀಲ’ ಎಂಬ ಒಂದೇ ಹೆಸರಿನಲ್ಲಿಟ್ಟು ಎರಡರಿಂದ ಗುಣಿಸಿದರೆ 46 ಬಾರದು; 23, 5, 23, 5 ಎಂದು ಗಂಟಿನಲ್ಲಿದ್ದುದೇ ಎರಡು ಸಲ ಬರುವುದು. ಆದುದರಿಂದ ಎಡಗಡೆಯಲ್ಲಿ ಎರಡು ಹೆಸರುಗಳನ್ನಿಡತಕ್ಕದ್ದು:

ಚೀಲ, ಉಳಿಕೆ = ಡಿವ್‌ಮಾಡ್(1730, 75)

ಡಿವ್‌ಮಾಡ್ ಎಂಬುದನ್ನು ಯಂತ್ರಕ್ಕೆ ರೋಮನ್ ಅಕ್ಷರಗಳಲ್ಲಿಯೇ ಬರೆಯಬೇಕು. ನಾವಿಡುವ ಹೆಸರುಗಳು ಮಾತ್ರ ಕನ್ನಡದಲ್ಲಿಯೇ ಇರಬಹುದು; 2008ರಲ್ಲಿ ಬಂದ ಪೈಥಾನಿನ ಮೂರನೆಯ ಆವೃತ್ತಿಯು ಇದಕ್ಕೆ ಅವಕಾಶ ಕೊಟ್ಟಿದೆ.

ಈಗ ಚೀಲವು 23, ಉಳಿಕೆಯು 5. ಎರಡು ಬೆಲೆಗಳಿಗೆ ಮೂರು ಹೆಸರುಗಳನ್ನಿಟ್ಟರೆ ಯಂತ್ರವು ತಪ್ಪೆಂದು ಸಾರಿ ನಿಂತುಬಿಡುತ್ತದೆ. ಅದು ಉಪಕಾರವೇ ಸರಿ. ಅಪಾಯವಿರುವುದು ಹೆಸರುಗಳು ಹಿಂದುಮುಂದಾದಾಗ. ‘ಉಳಿಕೆ, ಚೀಲ’ ಎಂದು ಬರೆದರೆ ಯಂತ್ರವು ತುಟಿಪಿಟಕ್ಕೆನ್ನದು. ಅದು ಸ್ಥಾನವನ್ನು ನೋಡುತ್ತದೆಯೇ ಹೊರತು ಹೆಸರಿನ ಅರ್ಥವನ್ನಲ್ಲ. 5 ಚೀಲ, 23 ಕಿಲೋ ಎಂದರೆ 398 ಕಿಲೋ ಮಾತ್ರ. ಬೆವರು ಸುರಿಸಿ ಬೆಳೆದ 1332 ಕಿಲೋ ಭತ್ತವು ಕಾಗದದ ಮೇಲೆ ಮಾಯವಾಯಿತು!

ಇದಕ್ಕೆ ಪರಿಹಾರವು ನಮ್ಮ ಹಿರಿಯರು ತಾಳೆ ನೋಡುತ್ತಿದ್ದ ಪದ್ಧತಿಯೇ. ಚೀಲವನ್ನು 75ರಿಂದ ಗುಣಿಸಿ ಉಳಿಕೆಯನ್ನು ಕೂಡಿಸಿದರೆ ಮೊದಲಿನ ತೂಕವು ಬರಬೇಕು. ಬಾರದಿದ್ದರೆ ಹೆಸರುಗಳ ಸಾಲನ್ನು ಮತ್ತೊಮ್ಮೆ ನೋಡಬೇಕು.

ಹುಡುಗನು ಬಂದ ದಾರಿಯಲ್ಲಿಯೇ ಮಸ್ಕಿಯಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ಅಲ್ಲಿಯ ಬಂಡೆಯ ಶಾಸನವನ್ನು ಬೆಳಕಿಗೆ ತಂದರು. ಅದುವರೆಗೆ ತಿಳಿದಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಮೊದಲಾದ ಬಿರುದುಗಳು ಮಾತ್ರ ಇದ್ದುವು. ಮಸ್ಕಿಯಲ್ಲಿ ಬಿರುದಿನೊಡನೆ ಅಶೋಕನೆಂಬ ಹೆಸರೂ ದೊರೆತು, ಆ ಮಾತುಗಳು ಯಾರವೆಂಬ ಸಂದೇಹವು ಪರಿಹಾರವಾಯಿತು. ಯಾವುದು ಯಾರದೆಂದು ಸರಿಯಾದ ಹೆಸರಿನಿಂದ ತಿಳಿಯುವುದರ ಬೆಲೆಯು ಅರಸನ ಶಾಸನದಲ್ಲಿಯೂ ರೈತನ ಲೆಕ್ಕದಲ್ಲಿಯೂ ಒಂದೇ ಎಂದು ನಾವು ತಿಳಿಯುತ್ತೇವೆ. ಮನೆಯ ಮಕ್ಕಳು ಈ ಲೆಕ್ಕವನ್ನು ತಮ್ಮ ಅಂಗಳದ ಚೀಲಗಳಿಂದಲೇ ಮಾಡಿ ನೋಡಲಿ.