ಜವೆಗೋಧಿ: ತಳಿ ಬಂತು, ತಕ್ಕ ಬೆಲೆ ಎಲ್ಲಿ?

ಹುಗ್ಗಿಗೆ ಜವೆಗೋಧಿಯೇ ಆಗಬೇಕು ಎಂದು ಹಟ ಹಿಡಿಯುವ ಮನೆಗಳು ಧಾರವಾಡ, ಬೆಳಗಾವಿ, ವಿಜಯಪುರ ಸೀಮೆಯಲ್ಲಿ ಇನ್ನೂ ಇವೆ. ಆದರೆ ಬಿತ್ತುವ ರೈತನ ಲೆಕ್ಕ ಬೇರೆ. ಹಳೆಯ ಜವಾರಿ ತಳಿ ಎತ್ತರಕ್ಕೆ ಬೆಳೆಯುತ್ತದೆ. ನೀರು-ಗೊಬ್ಬರ ತುಸು ಹೆಚ್ಚಾದರೆ ನೆಲಕ್ಕೆ ಮಲಗುತ್ತದೆ. ರಾಶಿ ಮಾಡಿದರೂ ಕಾಳು ಹೊಟ್ಟು ಬಿಡುವುದಿಲ್ಲ, ಮತ್ತೆ ಕುಟ್ಟಿಸಬೇಕು.

ಇಷ್ಟು ತಾಪತ್ರಯವಿದ್ದರೂ ಈ ಗೋಧಿಗೆ ಒಂದು ದೊಡ್ಡ ಗುಣವಿದೆ. ಭಂಡಾರ ರೋಗಕ್ಕೆ, ಅಂದರೆ ತುಕ್ಕು ರೋಗಕ್ಕೆ, ಅದು ಸುಲಭವಾಗಿ ಜಗ್ಗುವುದಿಲ್ಲ. ಈ ರೋಗ ಬಿದ್ದರೆ ಎಲೆ, ಕಾಂಡದ ಮೇಲೆ ಪುಡಿ ಎದ್ದು ಕಾಳು ಜೊಳ್ಳಾಗುತ್ತದೆ. ಬಯಲಿನ ಬೇಸಿಗೆಗೆ ರೋಗದ ಬೀಜಾಣು ಸಾಯುತ್ತವೆ. ನೀಲಗಿರಿ, ಪಳನಿ ಬೆಟ್ಟಗಳ ತಂಪಿನಲ್ಲಿ ಉಳಿದದ್ದು ಗಾಳಿ-ಮಳೆಯ ಜೊತೆ ಮತ್ತೆ ಬಯಲಿಗೆ ಬರುತ್ತದೆ. ಆ ಹಾದಿಯಲ್ಲೇ ನಮ್ಮ ಸೀಮೆಯೂ ಇದೆ.

ಜವೆಗೋಧಿಗೆ ಖಪ್ಲಿ ಎಂಬ ಹೆಸರೂ ಉಂಟು. ಅದರ ಬೆಲೆ ಪರದೇಶದವರಿಗೆ ಬಹಳ ಹಿಂದೆಯೇ ಗೊತ್ತಾಗಿತ್ತು. ಆಸ್ಟ್ರೇಲಿಯಾದ ವಿಜ್ಞಾನಿ ವಾಟರ್‌ಹೌಸ್ ಅದನ್ನು ಅಲ್ಲಿಯ ಗೋಧಿಯೊಡನೆ ಕೂಡಿಸಿ 'ಖಪ್‌ಸ್ಟೈನ್' ಎಂಬ ತಳಿ ಮಾಡಿದರು. ಖಪ್ಲಿಯ ರೋಗ ತಡೆಯುವ ಗುಣ ಹೀಗೆ ರೊಟ್ಟಿಗೋಧಿಗೂ ಸೇರಿತು. ಕೆಲಸ ಸಲೀಸಲ್ಲ: ಜವೆಗೋಧಿಯಲ್ಲಿ 28 ವರ್ಣತಂತುಗಳು, ರೊಟ್ಟಿಗೋಧಿಯಲ್ಲಿ 42. ಕೂಡಿಸಿದ ಸಂತತಿಯಲ್ಲಿ ಬಹಳಷ್ಟು ಬಂಜೆಯಾಗುತ್ತವೆ.

ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಜವೆಗೋಧಿಯನ್ನೇ ಗಿಡ್ಡ ಮಾಡಿದರು. ಡಿಡಿಕೆ 1025, ಡಿಡಿಕೆ 1029 ಅಂಥ ತಳಿಗಳು. ಮಲಗುವ ಕಾಟ ಕಡಿಮೆ, ನೀರುಂಡರೂ ನಿಲ್ಲುತ್ತವೆ. ಆದರೆ ಇಲ್ಲಿಗೆ ಕೆಲಸ ಮುಗಿಯಿತು ಎಂದು ಕೂರುವಂತಿಲ್ಲ. ಹಲವು ದೇಶಗಳ ಗೋಧಿಯನ್ನು ವರ್ಷಗಟ್ಟಲೆ ಕಾಯ್ದಿದ್ದ ಒಂದು ರೋಗನಿರೋಧಕ ಗುಣವನ್ನು 1998ರಲ್ಲಿ ಉಗಾಂಡಾದಲ್ಲಿ ಕಂಡ ಹೊಸ ಕಾಂಡತುಕ್ಕು ಮುರಿದುಹಾಕಿತು. ರೋಗ ವೇಷ ಬದಲಿಸಿದಂತೆ ತಳಿಯೂ ಬದಲಾಗಬೇಕು. ಒಂದು ತಳಿ ಹೊಲಕ್ಕೆ ಬರಲು ಎಂಟು-ಹತ್ತು ವರ್ಷ ಹಿಡಿಯುತ್ತದೆ. ರೋಗ ಬಂದ ಮೇಲೆ ಓಡಾಡಿದರೆ ಏನು ಬಂತು?

ಇನ್ನು ದರದ ಮಾತು. 2025-26ರ ಮಾರಾಟ ಹಂಗಾಮಿಗೆ ಕೇಂದ್ರ ಸರ್ಕಾರ ಗೋಧಿಗೆ ಕ್ವಿಂಟಲಿಗೆ 2,425 ರೂಪಾಯಿ ಬೆಂಬಲ ಬೆಲೆ ಸಾರಿತು. ರೊಟ್ಟಿಗೋಧಿಗೂ ಅಷ್ಟೇ, ಶ್ಯಾವಿಗೆಯ ಗೋಧಿಗೂ ಅಷ್ಟೇ, ಜವೆಗೋಧಿಗೂ ಅಷ್ಟೇ. ಕಾಳಿನ ಗುಣ ಕೇಳುವವರೇ ಇಲ್ಲ. ಅತ್ತ ಪುಣೆ, ಮುಂಬೈ, ಬೆಂಗಳೂರಿನ ಅಂಗಡಿಗಳಲ್ಲಿ ಖಪ್ಲಿ ಹಿಟ್ಟು, ರವೆ ಸಾದಾ ಗೋಧಿಗಿಂತ ದುಬಾರಿ. ನಡುವಿನ ಲಾಭದಲ್ಲಿ ಹೊಲದವನ ಪಾಲು ಎಷ್ಟು?

ವಿಜ್ಞಾನಿ ತಳಿ ಕೊಡಬಲ್ಲ, ದರ ಕೊಡಲಾರ. ಅದು ಸರ್ಕಾರದ ಕೆಲಸ. ಜವೆಗೋಧಿಗೆ ಬೇರೆ ದರ್ಜೆ, ಬೇರೆ ದರ ಬೇಕು. ಹೊಟ್ಟು ಬಿಡಿಸುವ ಯಂತ್ರ ಹೋಬಳಿಗೊಂದಾದರೂ ಬೇಕು. ಇಲ್ಲವಾದರೆ ರೈತ ಕಡಲೆ, ಗೋವಿನಜೋಳದ ಕಡೆ ಹೊರಳುತ್ತಾನೆ. ಬಿತ್ತುವವನೇ ಕೈಬಿಟ್ಟ ಮೇಲೆ ಎಂಥ ತಳಿಯಿದ್ದರೂ ಅದು ಸಂಶೋಧನಾ ಕೇಂದ್ರದ ಡಬ್ಬಿಯಲ್ಲೇ ಉಳಿಯಬೇಕಾಗುತ್ತದೆ.