ತೇರಿಗೆ ಸನ್ನೆ ಹಾಕುವವರು

ಸದ್ಭಕ್ತರಲ್ಲಿ, ಊರ ಹಿರಿಯರಲ್ಲಿ ಈ ಸಲ ಒಂದು ವಿಚಾರವನ್ನು ಬಿನ್ನವಿಸಿಕೊಳ್ಳಬೇಕಾಗಿದೆ. ಮಠದ ಅಂಗಳಕ್ಕೆ ಬರುವ ಅಜ್ಜ-ಅಜ್ಜಿಯರ ಅಳಲಿನಲ್ಲಿ ಮಳೆ, ಬೆಳೆ, ಸಾಲ, ಸಂಬಂಧಗಳ ಮಾತು ಹಳೆಯದು. ಈಗ ಅದರೊಡನೆ ಮೊಮ್ಮಗನ ಮಾತೂ ಸೇರಿದೆ. ಹುಡುಗ ಎಂಟನೆಯದೋ ಒಂಬತ್ತನೆಯದೋ ಓದುತ್ತಿರುತ್ತಾನೆ. ದಡ್ಡನೇನೂ ಅಲ್ಲ. ಮೇಷ್ಟ್ರು ಪ್ರಶ್ನೆ ಕೇಳಿ ಮುಗಿಸುವ ಮುನ್ನವೇ ಉತ್ತರ ಕೂಗುತ್ತಾನೆ, ಪಕ್ಕದವನ ಪೆನ್ನು ಕಸಿಯುತ್ತಾನೆ, ಮಾತಿಗೆ ಮೊದಲು ಕೈ ಎತ್ತುತ್ತಾನೆ, ಹೊಡೆದ ಮರುಗಳಿಗೆಯಲ್ಲಿ ತಾನೇ ಅಳುತ್ತಾನೆ. ವಾರಕ್ಕೊಮ್ಮೆ ಶಾಲೆಯಿಂದ ಕರೆ ಬರುತ್ತದೆ. ಕಡೆಗೊಂದು ದಿನ, 'ಇವನ ಟಿ.ಸಿ. ತೆಗೆದುಕೊಂಡು ಹೋಗಿಬಿಡಿ' ಎಂಬ ಮಾತೂ ಬರುತ್ತದೆ.

ಟಿ.ಸಿ. ಕೈಗೆ ಬಂದ ಮೇಲೆ ನಮ್ಮ ಭಾಗದ ಹುಡುಗನ ಪಾಡೇನೆಂದು ಹೇಳಬೇಕಾಗಿಲ್ಲ. ಕೂಡ್ಲಿಗಿ ಕಡೆಯವನಾದರೆ ಕುರಿ ಹಿಂಡು, ಹರಪನಹಳ್ಳಿ ಕಡೆಯವನಾದರೆ ಬೆಂಗಳೂರಿನ ಕಟ್ಟಡ ಕೆಲಸ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಪೇಟೆಯವನಾದರೆ ಗ್ಯಾರೇಜು. ಈ ಕೆಲಸಗಳು ಕೀಳೆಂದು ಹೇಳುತ್ತಿಲ್ಲ. ಆದರೆ ಹದಿನಾಲ್ಕರ ಹುಡುಗನೊಬ್ಬ ತನ್ನ ಆಯ್ಕೆಯಿಂದಲ್ಲದೆ, 'ನೀನು ಎಲ್ಲಿಗೂ ತಕ್ಕವನಲ್ಲ' ಎಂಬ ಮುದ್ರೆ ಹೊತ್ತು ಅಲ್ಲಿಗೆ ಹೋಗುವುದು ಸಣ್ಣ ನಷ್ಟವಲ್ಲ.

ಇಂಥವನಿಗೆ ನಾವಿಟ್ಟ ಹೆಸರು ಪುಂಡ, ಉಡಾಳ. ಇದು ನಮ್ಮ ಊರಿನವರಷ್ಟೇ ಮಾಡಿದ್ದಲ್ಲ. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಎಂಬವರು ಇಂಥ ಮಕ್ಕಳ ವಿಷಯವಾಗಿ ವೈದ್ಯರ ಮುಂದೆ ಉಪನ್ಯಾಸಗಳನ್ನು ನೀಡಿದರು. ಬುದ್ಧಿ ಚೆನ್ನಾಗಿಯೇ ಇದ್ದು, ತಡೆದುಕೊಳ್ಳುವ ಶಕ್ತಿ ಮಾತ್ರ ಸಾಲದವರು ಎಂದು ಸರಿಯಾಗಿಯೇ ಗುರುತಿಸಿದರು. ಆದರೂ ಅದನ್ನು ನೈತಿಕ ಹಿಡಿತದ ಕೊರತೆಯೆಂದೇ ಕರೆದರು. ಆಮೇಲಿನ ನೂರು ವರ್ಷಗಳಲ್ಲಿ ವೈದ್ಯಶಾಸ್ತ್ರ ಆ ಮಾತನ್ನು ತಿದ್ದಿಕೊಂಡಿತು. ಮುಂದಾಲೋಚನೆಯ, ತಡೆಯುವ ಕೆಲಸ ಮಾಡುವ ಮೆದುಳಿನ ಮುಂಭಾಗ ಎಲ್ಲ ಮನುಷ್ಯರಲ್ಲೂ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆಯೇ. ಕೆಲವು ಮಕ್ಕಳಲ್ಲಿ ಅದು ಇನ್ನೂ ನಿಧಾನ. ಇಂಥ ಮಕ್ಕಳಲ್ಲಿ ಹಲವರಿಗೆ ಇರುವ ತೊಂದರೆಯನ್ನು ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ. ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇರಬಹುದೆಂದು ಜಗತ್ತಿನ ಅಂದಾಜು. ವಂಶದಲ್ಲಿ ಹರಿದು ಬರುವುದೂ ಹೆಚ್ಚು. 'ಅವರಪ್ಪನೂ ಹಿಂಗೇ ಇದ್ದ' ಎಂದು ಅಜ್ಜಿ ಹೇಳುವ ಮಾತನ್ನು ಆದ್ದರಿಂದ ತಳ್ಳಿಹಾಕುವಂತಿಲ್ಲ. ಹೆಣ್ಣುಮಕ್ಕಳಲ್ಲಿಯೂ ಇದುಂಟು. ಅವರು ಗದ್ದಲ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುವುದೇ ಹೆಚ್ಚಾದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಶರಣರು ಮನಸ್ಸಿನ ಚಂಚಲತೆಯ ಬಗೆಗೆ ಎಷ್ಟೋ ನುಡಿದಿದ್ದಾರೆ. ಬಸವಣ್ಣನವರು ಅದನ್ನು ಕೊಂಬೆಯಿಂದ ಕೊಂಬೆಗೆ ಹಾರುವ ಮಂಗನಿಗೆ ಹೋಲಿಸಿದ್ದು ಓದು ಬಾರದವರಿಗೂ ಗೊತ್ತು. ಆದರೆ ಅವರು ಹಾಗೆ ಅಂದದ್ದು ತಮ್ಮ ಮನಸ್ಸನ್ನೇ ಹೊರತು ನೆರೆಮನೆಯ ಹುಡುಗನ ಮನಸ್ಸನ್ನಲ್ಲ. ಈ ಭೇದವನ್ನು ನಾವು ಪ್ರವಚನ ಕೇಳಿ ಎದ್ದೊಡನೆ ಮರೆಯುತ್ತೇವೆ.

ಕೊಟ್ಟೂರಿನ ತೇರನ್ನು ನೋಡದವರು ಈ ಭಾಗದಲ್ಲಿ ಯಾರಿದ್ದಾರೆ? ಅಷ್ಟು ಎತ್ತರದ, ಅಷ್ಟು ಭಾರದ ತೇರಿಗೆ ತನ್ನದೆಂಬ ಬ್ರೇಕಿಲ್ಲ. ಸಾವಿರ ಕೈ ಎಳೆಯುತ್ತವೆ, ಅದು ಓಡುತ್ತದೆ. ನಿಲ್ಲಿಸುವವರು, ತಿರುಗಿಸುವವರು ಗಾಲಿಯ ಪಕ್ಕದಲ್ಲೇ ನಡೆಯುವ ನಾಲ್ಕು ಮಂದಿ. ಕೈಯಲ್ಲಿ ಮರದ ಸನ್ನೆ. ಎಲ್ಲಿ ಇಳಿಜಾರಿದೆ, ಎಲ್ಲಿ ತಿರುವಿದೆ ಎಂಬುದು ಅವರಿಗೆ ಮೊದಲೇ ಗೊತ್ತು. ತೇರು ಓಡಿದ ಮೇಲೆ ಹಿಂದೆ ನಿಂತು ಕೂಗುವುದರಿಂದ ಅದು ನಿಲ್ಲುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕೊಟ್ಟೂರ ತೇರು ಉರುಳಿದಾಗ ಎಲ್ಲರ ಬಾಯಲ್ಲೂ ಅಚ್ಚಿನ, ಗಾಲಿಯ ಮಾತಿತ್ತು. ತೇರಿಗೆ ಬುದ್ಧಿ ಬರಲೆಂದು ಯಾರೂ ಬಾರುಕೋಲು ತೆಗೆದುಕೊಳ್ಳಲಿಲ್ಲ.

ತಡೆ ಇನ್ನೂ ಬಲಿಯದ ಹುಡುಗನಿಗೂ ಬೇಕಾದುದು ಗಾಲಿಯ ಪಕ್ಕದಲ್ಲಿ ನಡೆಯುವವರು. ಅವನು ಎಡವುವ ಜಾಗಗಳು ದಿನವೂ ಬಹುಮಟ್ಟಿಗೆ ಅವೇ: ಬೆಲ್ಲು ಹೊಡೆದು ಎಲ್ಲರೂ ಬಾಗಿಲಿಗೆ ನುಗ್ಗುವ ಹೊತ್ತು, ಬಿಸಿಯೂಟದ ಸಾಲು, ಗುರುಗಳಿಲ್ಲದ ಪೀರಿಯಡ್ಡು. ಸಾಲಿನಲ್ಲಿ ಜಗಳವಾಡುವವನನ್ನು ಜಗಳವಾದ ಮೇಲೆ ಹೊರಗೆ ನಿಲ್ಲಿಸುವುದಕ್ಕಿಂತ, ಸಾಲು ಕಟ್ಟುವ ಮುನ್ನವೇ ತಟ್ಟೆ ಹಂಚುವ ಕೆಲಸ ಅವನ ಕೈಗೆ ಕೊಟ್ಟರೆ ಅಂದಿನ ಜಗಳ ತಪ್ಪಬಹುದು. ಮುಂದಿನ ಬೆಂಚು, ಜಗಳಗಂಟ ಗೆಳೆಯನಿಂದ ದೂರ. ಹತ್ತು ಲೆಕ್ಕವನ್ನು ಒಮ್ಮೆಗೇ ಕೊಡದೆ ಮೂರು ಕೊಟ್ಟು, ತೋರಿಸು ಎಂದು ಕರೆದು, ಮತ್ತೆ ಮೂರು ಕೊಡುವುದು. ಕೂತು ಕೂತು ಕಾಲು ಜುಮ್ಮೆನ್ನುವ ಮೊದಲೇ ಸೀಮೆಸುಣ್ಣ ತರಲು ಕಳಿಸುವುದು. ಹೆಗಲ ಮೇಲೆ ಕೈಯಿಟ್ಟರೆ 'ತಾಳು' ಎಂದರ್ಥವೆಂದು ಗುರು-ಶಿಷ್ಯರಿಬ್ಬರೇ ಮಾಡಿಕೊಂಡ ಗುಟ್ಟಿನ ಒಪ್ಪಂದವೂ ಉಪಯೋಗಕ್ಕೆ ಬರುತ್ತದೆ, ಇಡೀ ತರಗತಿಯ ಮುಂದೆ ಹೆಸರು ಹಿಡಿದು ಕೂಗಿ ಮರ್ಯಾದೆ ತೆಗೆಯುವ ಪ್ರಮೇಯವಿಲ್ಲ. ಅರವತ್ತು ಮಕ್ಕಳ ತರಗತಿಯಲ್ಲಿ ಒಬ್ಬನಿಗಾಗಿ ಇಷ್ಟೆಲ್ಲ ಹೇಗೆ ಎಂದು ಗುರುಗಳು ಕೇಳುವುದು ನ್ಯಾಯವೇ. ಆದರೆ ಆ ಒಬ್ಬನೇ ಅವರ ಅರ್ಧ ಪೀರಿಯಡ್ಡನ್ನು ನುಂಗುತ್ತಿದ್ದಾನಲ್ಲ!

ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವನ್ನು ನೆನೆಯಿರಿ. ಲಕ್ಷಗಟ್ಟಲೆ ಜನ, ಕಿವಿಗಡಚಿಕ್ಕುವ ಗದ್ದಲ. ಉಪವಾಸ ವ್ರತ ಹಿಡಿದ ಗೊರವಯ್ಯ ಬಿಲ್ಲನ್ನೇರಿ 'ಸದ್ದಲೇ' ಎನ್ನುತ್ತಾನೆ, ಇಡೀ ಡೆಂಕಣಮರಡಿ ಉಸಿರು ಹಿಡಿಯುತ್ತದೆ. ಇದು ಭಕ್ತಿಯ ಬಲವೇ, ಸಂದೇಹವಿಲ್ಲ. ಜೊತೆಗೆ ಇನ್ನೊಂದನ್ನೂ ಗಮನಿಸಬೇಕು. ಅಪ್ಪಣೆ ಒಂದೇ ಶಬ್ದದ್ದು. ಅದು ಬರುವ ಗಳಿಗೆ ಎಲ್ಲರಿಗೂ ಮೊದಲೇ ಗೊತ್ತು. ತಾಳಬೇಕಾದ ಹೊತ್ತೂ ಸ್ವಲ್ಪವೇ. ಮನೆಯಲ್ಲಿ ನಾವು ಹುಡುಗನಿಗೆ ಕೊಡುವ ಅಪ್ಪಣೆ ಹೇಗಿರುತ್ತದೆ? ಬೆಳಗಿನಿಂದ ಸಂಜೆಯವರೆಗೆ ನಿಲ್ಲದ ಉಪದೇಶ, ಅದರಲ್ಲಿ ಅವನಪ್ಪನ ಕಥೆ, ಚಿಕ್ಕಪ್ಪನ ಮಗನ ಹೋಲಿಕೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?

ತಾಳ್ಮೆಯ ವಿಷಯವಾಗಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಮಿಶೆಲ್ ಎಂಬ ವಿದ್ವಾಂಸರು 1960ರ ದಶಕದ ಕೊನೆಯಲ್ಲಿ ಚಿಕ್ಕ ಮಕ್ಕಳ ಮೇಲೆ ನಡೆಸಿದ ಪರೀಕ್ಷೆ ಹೆಸರಾಗಿದೆ. ಮುಂದಿಟ್ಟ ಒಂದು ಮಿಠಾಯಿಯನ್ನು ತಿನ್ನದೆ ಕಾದರೆ ಎರಡು ಸಿಗುತ್ತದೆಂದು ಹೇಳಿ ಮಗುವನ್ನು ಒಂಟಿಯಾಗಿ ಬಿಡುವುದು. ಕಾದು ಗೆದ್ದ ಮಕ್ಕಳಲ್ಲಿ ಅನೇಕರು ಹಲ್ಲು ಕಚ್ಚಿ ಕೂತವರಲ್ಲ. ಮುಖ ತಿರುಗಿಸಿದರು, ಕಣ್ಣು ಮುಚ್ಚಿದರು, ತಮ್ಮಷ್ಟಕ್ಕೆ ಹಾಡಿಕೊಂಡರು. ತಡೆಯುವುದೂ ಕಲಿಯಬಹುದಾದ ಒಂದು ಕಸುಬು. ಸಿಟ್ಟು ಬಂದಾಗ ಬೋರಿನ ಹತ್ತಿರ ಹೋಗಿ ಒಂದು ಚೊಂಬು ನೀರು ಕುಡಿದು ಬಾ ಎಂದು ಹುಡುಗನಿಗೆ ಕಲಿಸುವುದು ಆ ಜಾತಿಯದು. 2018ರಲ್ಲಿ ಬೇರೆ ವಿದ್ವಾಂಸರು ಇನ್ನೂ ಹೆಚ್ಚು ಮಕ್ಕಳನ್ನು ಪರಿಶೀಲಿಸಿ, ಮುಂದಿನ ಬಾಳಿನ ಮೇಲೆ ಆ ಒಂದು ದಿನದ ತಾಳ್ಮೆಗಿಂತ ಮನೆಯ ಸ್ಥಿತಿಗತಿಯ ಪ್ರಭಾವವೇ ಹೆಚ್ಚೆಂದು ತೋರಿಸಿದರು. ಕೊಟ್ಟ ಮಾತು ಉಳಿಯದ ಮನೆಯ ಮಗು ಏತಕ್ಕಾಗಿ ಕಾದೀತು!

ಈ ಮನೆಯ ಸ್ಥಿತಿಯ ಮಾತು ನಮ್ಮ ಐದೂ ತಾಲ್ಲೂಕುಗಳಿಗೆ ತಟ್ಟುವಂಥದು. ಮಳೆ ಕೈಕೊಟ್ಟ ವರ್ಷ ತಂದೆ-ತಾಯಿ ಬೆಂಗಳೂರಿಗೋ, ಮಂಡ್ಯದ ಕಡೆ ಕಬ್ಬು ಕಡಿಯಲೋ, ಮಲೆನಾಡಿನ ಕಾಫಿ ತೋಟಕ್ಕೋ ಹೋಗುತ್ತಾರೆ. ಹುಡುಗ ಅಜ್ಜನ ಪಾಲಿಗೆ. ಅಜ್ಜನಿಗೆ ಎಪ್ಪತ್ತು, ಅವನಿಗೆ ಹದಿನಾಲ್ಕು. ರಾತ್ರಿ ಹನ್ನೊಂದರವರೆಗೆ ಮೊಬೈಲು ನೋಡುವವನನ್ನು ತಡೆಯುವವರಿಲ್ಲ, ನಿದ್ದೆಗೆಟ್ಟ ಮಗುವಿಗೆ ಮರುದಿನ ಇದ್ದ ತಡೆಯೂ ಇರುವುದಿಲ್ಲ. ಹಿರಿಯರು ಎಲ್ಲವನ್ನೂ ತಿದ್ದಲು ಹೊರಡುವುದು ಬೇಡ. ಮಲಗುವ ಹೊತ್ತೊಂದು, ಶಾಲೆಯ ಚೀಟಿಯೊಂದು, ಇವೆರಡನ್ನು ಹಿಡಿದರೆ ಸಾಕು. ಚೀಟಿಯೆಂದರೆ, ಗುರುಗಳು ದಿನಕ್ಕೆ ಎರಡೇ ವಿಷಯಕ್ಕೆ ಸರಿ-ತಪ್ಪಿನ ಗುರುತು ಹಾಕಿ ಕಳಿಸುವ ಕಾಗದ. ಸರಿಯಿದ್ದರೆ ಅಂದು ಸಂಜೆಯೇ ಹುಡುಗನಿಗೆ ಇಷ್ಟವಾದದ್ದೊಂದು ಸಿಗಬೇಕು: ಕಬಡ್ಡಿಗೆ ಬಿಡುವುದು, ಸೈಕಲ್ಲು ಕೊಡುವುದು, ಅಷ್ಟೇ. ಪಾಸಾದರೆ ಬೈಕು ಕೊಡಿಸುತ್ತೇನೆಂಬ ವರ್ಷದಾಚೆಯ ಆಸೆ ಈ ಮಕ್ಕಳನ್ನು ಹಿಡಿದಿಡಲಾರದು. ತಪ್ಪಿಗೆ ಕೊಡುವ ದಂಡವೂ ಅಂದಿಗೇ ಮುಗಿಯಬೇಕು, ಹಳೆಯ ಕಡತ ಬಿಚ್ಚಬಾರದು.

ಹೊಡೆತದ ವಿಷಯ. 'ನಾವು ಏಟು ತಿಂದೇ ಬುದ್ಧಿ ಕಲಿತೆವು' ಎನ್ನುವ ಹಿರಿಯರು ಬಹಳ. ಏಟು ತಿಂದು ಶಾಲೆ ಬಿಟ್ಟು ಓಡಿದವರು ಆ ಮಾತನ್ನು ಹೇಳಲು ಇಲ್ಲಿ ಕೂತಿಲ್ಲ, ಅಷ್ಟೇ. ಹೊಡೆತ ಕಲಿಸುವುದು ಸಿಟ್ಟು ಬಂದಾಗ ಕೈಯೆತ್ತುವುದನ್ನು, ಅದು ಹುಡುಗನಿಗೆ ಈಗಾಗಲೇ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಮಗುವನ್ನು ದೈಹಿಕವಾಗಿ ದಂಡಿಸುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಎಂಟನೆಯ ತರಗತಿ ಮುಗಿಯುವವರೆಗೆ ಶಾಲೆಯಿಂದ ಹೊರಹಾಕುವಂತಿಲ್ಲವೆಂಬುದೂ ಅದೇ ಕಾಯ್ದೆಯಲ್ಲಿದೆ. ಟಿ.ಸಿ. ಬೆದರಿಕೆ ಬಂದಾಗ ಹಿರಿಯರು ಇದನ್ನು ಸೌಮ್ಯವಾಗಿಯೇ ನೆನಪಿಸಬಹುದು.

ಮಠಕ್ಕೆ ಬಂದು ತಾಯತ ಕೇಳುವವರುಂಟು. ದೇವರ ಮೇಲಿನ ಭಾರವನ್ನು ಯಾರೂ ಬೇಡವೆನ್ನಲಾರರು. ಆದರೆ ಬರೆ ಹಾಕಿಸುವುದು, ದೆವ್ವ ಬಿಡಿಸುತ್ತೇವೆಂದು ಹೊಡೆಸುವುದು ಸಲ್ಲದು. ಆಸ್ಪತ್ರೆಯ ದಾರಿಯೂ ನಮಗೆ ಹೊಸದಲ್ಲ. ಮನೋರೋಗಕ್ಕೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಔಷಧ ಸಿಗುವಂತೆ ಮಾಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ 1990ರವರೆಗೆ ಪ್ರಯೋಗ ನಡೆಸಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಆಗ ನಾವೆಲ್ಲರೂ ಆ ಜಿಲ್ಲೆಯವರೇ. ಆ ಪ್ರಯೋಗದ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಕಚೇರಿಗಳು ಬದಲಾಗಿವೆ, ದಾರಿ ಅದೇ. ಶಾಲೆಗೆ ಬರುವ ಮಕ್ಕಳ ಆರೋಗ್ಯ ತಪಾಸಣೆಯ ತಂಡಕ್ಕೆ ಹೇಳಬಹುದು, ತಾಲ್ಲೂಕು ಆಸ್ಪತ್ರೆಗೆ ಹೋಗಬಹುದು. ಮನೆಯಲ್ಲೇ ಕೂತು ಕೇಳಬೇಕೆಂದರೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿಯೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ವೈದ್ಯರು ಮೊದಲು ಕೇಳುವುದು ಕೆಲವು ಪ್ರಶ್ನೆಗಳನ್ನು. ಹನ್ನೆರಡು ವರ್ಷಕ್ಕೆ ಮೊದಲಿನಿಂದಲೂ ಹೀಗೆಯೋ, ಈಚೆಗೆ ಬದಲಾದನೋ? ಶಾಲೆಯಲ್ಲಿ ಮಾತ್ರವೋ, ಮನೆಯಲ್ಲೂ ಹೀಗೆಯೋ? ಕಿವಿ, ಕಣ್ಣು ಸರಿಯಿವೆಯೋ? ಓದಲು ಅಕ್ಷರ ಕೂಡಿಸಲು ಕಷ್ಟವೋ? ಮನೆಯಲ್ಲಿ ಕುಡಿತ, ಹೊಡೆದಾಟ ಉಂಟೋ? ಈಚೆಗೆ ಒಮ್ಮೆಲೇ ಬದಲಾದ ಹುಡುಗನ ಕಥೆ ಬೇರೆಯೇ ಇರುತ್ತದೆ. ಗುಟ್ಕಾ ಇರಬಹುದು, ಯಾರಿಗೂ ಹೇಳದ ನೋವಿರಬಹುದು. ಮಾತ್ರೆ ಕೊಡುವುದು ಬಿಡುವುದು ಪರೀಕ್ಷಿಸಿದ ವೈದ್ಯರಿಗೇ ಸೇರಿದ್ದು. ಕೊಟ್ಟರೆ, 'ತಲೆಕೆಟ್ಟವರ ಮಾತ್ರೆ' ಎಂದು ಯಾರೋ ಅಂದರೆಂದು ನಡುವೆ ನಿಲ್ಲಿಸಬಾರದು.

ಹೋಗುವಾಗ ಕಳೆದ ಎರಡು-ಮೂರು ವರ್ಷದ ಅಂಕಪಟ್ಟಿ, ಈಗಿನ ನೋಟ್‌ಬುಕ್ಕು, ಸಾಧ್ಯವಾದರೆ ತರಗತಿಯ ಗುರುಗಳು ಬರೆದ ಅರ್ಧ ಹಾಳೆ, ಇಷ್ಟನ್ನು ಚೀಲದಲ್ಲಿಟ್ಟುಕೊಳ್ಳಿ. ಬಸ್ಸಿನಲ್ಲಿ ಹುಡುಗನನ್ನು ಕಿಟಕಿಯ ಪಕ್ಕ ಕೂರಿಸಿ. ವೈದ್ಯರ ಮುಂದೆ ಅವನ ತಪ್ಪುಗಳ ಪಟ್ಟಿ ಓದುವ ಮುನ್ನ ಅವನಿಗೆ ಬರುವ ಒಂದು ಕೆಲಸವನ್ನೂ ಹೇಳಿ. ಎತ್ತು ಹಿಡಿಯುವುದೋ, ಮೋಟಾರು ರಿಪೇರಿಯೋ, ಭಜನೆಯಲ್ಲಿ ತಾಳ ಹಾಕುವುದೋ. ಆ ಮಾತನ್ನು ಅವನು ಕೇಳಿಸಿಕೊಳ್ಳುತ್ತಿರುತ್ತಾನೆ.