ಗೂಡಿನಲ್ಲಿಟ್ಟ ಮಾತ್ರೆ

1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿಯನ್ನಿತ್ತು, ಚಿತ್ತವಿಕಲತೆಯಿಂದ ಬಳಲುವವರಿಗೆ ಊರ ಸಮೀಪದಲ್ಲಿಯೇ ಔಷಧ ದೊರೆಯುವಂತೆ ಮಾಡಿದುದೂ, 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾದುದೂ ನಾಡು ಹೆಮ್ಮೆಪಡತಕ್ಕ ಸಂಗತಿ. ಆದರೆ ಸೇಡಂ ತಾಲ್ಲೂಕಿನ ಆಡಕಿಯಂತಹ ಗ್ರಾಮದಿಂದ, ಇಲ್ಲದ ದನಿಗಳನ್ನು ಕೇಳುವ ಮಗನನ್ನು ತೊಗರಿ ಕೊಯ್ಲಿನ ಕೂಲಿ ಬಿಟ್ಟು ಪಟ್ಟಣಕ್ಕೆ ಕರೆದೊಯ್ಯಬೇಕಾದ ತಾಯಿಗೆ ಮಾದರಿಯಿಂದೇನು? ಮಾತ್ರೆ ಅಗ್ಗ, ದುಬಾರಿಯಾದುದು ಆ ದಿನ. ಎರಡು ತಿಂಗಳು ನೆಮ್ಮದಿಯಾಗಿ ನಿದ್ರಿಸಿದ ಹುಡುಗನು ಗುಣವಾದನೆಂದು ಬಗೆದು ಮಾತ್ರೆಯ ಪಟ್ಟಿಯನ್ನು ಗೋಡೆಯ ಗೂಡಿನಲ್ಲಿಟ್ಟು ಮರೆತರೆ, ವ್ಯಾಧಿಯು ಮರಳಬಹುದು. ಹರಕೆ ಹೊತ್ತರೆ ತಪ್ಪೇನಿಲ್ಲ (ನಾನೂ ಹೊತ್ತವನೇ), ಮಾತ್ರೆ ತಪ್ಪಬಾರದು. ಆದುದರಿಂದ ಆಶಾ ಕಾರ್ಯಕರ್ತೆಯು ಬಾಣಂತಿಯ ಮನೆಗೆ ಹೋಗುವ ದಾರಿಯಲ್ಲಿಯೇ ಈ ಮನೆಯ ಗೂಡನ್ನೂ ನೋಡಿ ಬರತಕ್ಕದ್ದು. ಆ ಕೆಲಸಕ್ಕೆ ಆಕೆಗೆ ಪ್ರತ್ಯೇಕ ಗೌರವಧನವೂ ಸಲ್ಲತಕ್ಕದ್ದು.